ಡೆಫಿನೆಟ್ಲಿ ಸಾರ್, ಆಗಿದೆಯಂತೆ

(ಹೊಸಕೋಟೆ ತಾಲ್ಲೂಕಿನ ಪಿಲ್ಲಗುಂಪೆ. ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿ ಕೆಲಸಕ್ಕಿರುವ ಹುಡುಗಿ, ಊರಲ್ಲೇ ಇರುವ ನಿವೃತ್ತ ಇಂಗ್ಲಿಷ್ ಮೇಷ್ಟ್ರು. ಫಸ್ಟ್ ಶಿಫ್ಟ್ ಬಿಟ್ಟ ಹೊತ್ತು.)

— ಮೇಷ್ಟ್ರೇ, ಮುಂದಿನ ವಾರ ಹೊರದೇಶದ ಕಸ್ಟಮರ್ ಜೊತೆ ವಿಡಿಯೊ ಕಾಲ್ ಇದೆ. ನಾನೂ ಕೂರಬೇಕಂತೆ. ಸ್ಪೋಕನ್ ಇಂಗ್ಲಿಷ್ ಕ್ಲಾಸಲ್ಲಿ ಒಂದು ಜೆರಾಕ್ಸ್ ಕೊಟ್ಟಿದಾರೆ. ಖಚಿತವಾಗಿ ಹೇಳೋಕೆ ಡೆಫಿನೆಟ್ಲಿ, ಸರ್ಟನ್ಲಿ, ಶೂರ್ಲಿ. ಒಪ್ಕೊಳ್ಳೋಕೆ ಅಬ್ಸಲ್ಯೂಟ್ಲಿ, ಎಕ್ಸಾಕ್ಟ್ಲಿ. ನಂಬಿಕೆ ಬರದಿದ್ರೆ ರಿಯಲಿ, ಸೀರಿಯಸ್ಲಿ. ಉರು ಹೊಡೀತಿದೀನಿ. ಬಾಯಿಗೇನೋ ಬರುತ್ತೆ, ಯಾವುದನ್ನ ಎಲ್ಲಿ ಬಿಡಬೇಕು ಅಂತ ಗೊತ್ತಾಗಲ್ಲ.

— ಕೊಡಿಲ್ಲಿ ನೋಡ್ತೀನಿ. ಹೂಂ. ಚೆನ್ನಾಗೇ ಇದೆ. ಆದ್ರೆ ಈಗ ನಿನ್ನ ಬಾಯಲ್ಲೇ ಬಂದಿದ್ದೊಂದು ಇದರಲ್ಲಿಲ್ಲವಲ್ಲಮ್ಮ. ‘ಕೂರಬೇಕಂತೆ’ ಅಂದೆ. ಆ ‘ಅಂತೆ’ಗೆ ಇಂಗ್ಲಿಷಲ್ಲಿ ಏನಂತೀಯ?

— ಅದೇನು ಪದಾನಾ ಮೇಷ್ಟ್ರೇ? ಸುಮ್ನೆ ಮಾತಿನ ಬಾಲ.

— ಬಾಲನೇ. ಆದ್ರೆ ದನ ಯಾವ ಕಡೆ ಹೊರಟಿದೆ ಅಂತ ಬಾಲ ನೋಡಿದ್ರೂ ಗೊತ್ತಾಗುತ್ತೆ. ‘ಕೂರಬೇಕು’ ಅಂದಿದ್ರೆ ನೀನೇ ತೀರ್ಮಾನ ಮಾಡಿದಂಗೆ. ‘ಕೂರಬೇಕಂತೆ’ ಅಂದಾಗ ಇನ್ಯಾರೋ ಹೇಳಿದ್ದಾರೆ, ನೀನು ಕೇಳಿಸ್ಕೊಂಡು ಬಂದಿದೀಯ, ಜವಾಬ್ದಾರಿ ನಿಂದಲ್ಲ. ಇಷ್ಟೂ ಎರಡಕ್ಷರದಲ್ಲಿ ಮುಗೀತು. ಊರಲ್ಲಿ ಒಂದು ಸುತ್ತು ಹಾಕ್ಕೊಂಡು ಬಾ, ಎಲ್ಲರ ಬಾಯಲ್ಲೂ ಈ ಬಾಲ ಇದೆ. ತೆಲುಗು ಮನೆಮಾತಿನವರು ‘ವಚ್ಚಿನಾಡಂಟ’ ಅಂತಾರೆ. ತಮಿಳಿನವರು ‘ವಂದಾನಾಂ’ ಅಂತಾರೆ. ಹೊಸಕೋಟೆ ಪೇಟೆಗೆ ಹೋಗಿ ಸಾಬರ ಅಂಗಡೀಲಿ ಕಿವಿ ಕೊಡು, ‘ಆಯಾ ಕತೆ’. ಲಖನೌ ಉರ್ದುವಿನವರಿಗೆ ಆ ‘ಕತೆ’ ಹಿಡಿಸಲ್ಲ. ನಮ್ಮ ಕಡೆ ದಖನಿ ಮಾತಿಗೆ ಅದಿಲ್ದೆ ದಿನ ಹೋಗಲ್ಲ. ‘ಬಂದನಂತೆ’ ಅನ್ನೋರ ಪಕ್ಕದಲ್ಲಿ ತಲೆಮಾರುಗಟ್ಟಲೆ ಬಾಳಿದ್ದಾರೆ, ಅವರಿಗೂ ಒಂದು ‘ಅಂತೆ’ ಬೇಕಾಗಿದೆ. ಟರ್ಕಿ ದೇಶದ ಭಾಷೇಲೂ ಕ್ರಿಯಾಪದಕ್ಕೆ ಇಂಥದ್ದೇ ಒಂದು ಪ್ರತ್ಯಯ ಇದೆ, ಕಣ್ಣಾರೆ ಕಾಣದ ಸಂಗತಿ ಹೇಳೋದಕ್ಕೆ. ಇಂಗ್ಲಿಷಲ್ಲಿ ಈ ಬಾಲ ಇಲ್ಲ.

— ಇಲ್ದಿದ್ರೆ ಅವರೇನ್ಮಾಡ್ತಾರೆ?

— ಅಪ್ಯಾರೆಂಟ್ಲಿ ಅಂತಾರೆ. ‘ಅಪ್ಯಾರೆಂಟ್ಲಿ ಐ ಹ್ಯಾವ್ ಟು ಅಟೆಂಡ್.’ ಪೇಪರಿನವರು ರಿಪೋರ್ಟೆಡ್ಲಿ, ಅಲೆಜೆಡ್ಲಿ ಅಂತ ಬರೀತಾರೆ. ನಮ್ಮ ಪತ್ರಿಕೆಗಳಲ್ಲಿ ‘ಎನ್ನಲಾಗಿದೆ’ ಅಂತ ಬರುತ್ತಲ್ಲ, ಅದು. ನಿಂಗೆ ದಿನಾ ಬೇಕಾಗೋದು ಈ ಅಪ್ಯಾರೆಂಟ್ಲಿ. ಜೆರಾಕ್ಸ್ ಮಾಡಿದ ಪುಣ್ಯಾತ್ಮರು ಅದನ್ನೇ ಬಿಟ್ಟಿದಾರೆ.

— ಅಯ್ಯೋ, ಅದನ್ನ ಕೇಳಿದ್ರೆ ನಮ್ಮ ಲೈನಲ್ಲಿ ನಡೆದಿದ್ದೊಂದು ನೆನಪಾಗುತ್ತೆ ಮೇಷ್ಟ್ರೇ. ಹೋದ ಸಲ ಆಡಿಟ್ ಆಯ್ತಲ್ಲ, ಆಡಿಟರ್ ಪೂರ್ತಿ ಇಂಗ್ಲಿಷು. ಟಾರ್ಕ್ ರೆಂಚ್ ಕೈಲಿ ಹಿಡ್ಕೊಂಡು ಇದರ ಬೆಳಗಿನ ಚೆಕ್ ಆಗಿದೆಯಾ ಅಂದ್ರು. ನಮ್ಮ ಹುಡುಗನಿಗೆ ನೈಟ್ ಶಿಫ್ಟಿನವನು ಹೋಗ್ತಾ ‘ಎಲ್ಲಾ ಆಗೈತೆ’ ಅಂದು ಹೋಗಿದ್ದ. ಇವನು ‘ಡೆಫಿನೆಟ್ಲಿ ಸಾರ್’ ಅಂದುಬಿಟ್ಟ. ನೀನು ಮಾಡಿದ್ಯಾ? ಇಲ್ಲ ಸಾರ್, ನೈಟ್ ಶಿಫ್ಟು. ನೋಡಿದ್ಯಾ? ಇಲ್ಲ ಸಾರ್. ‘ದೆನ್ ಹೌ ಡೆಫಿನೆಟ್ಲಿ?’ ಅಂತ ಕೇಳಿ ಚೆಕ್‌ಶೀಟ್ ತರಿಸಿದ್ರು. ಆವತ್ತಿನ ಖಾನೆ ಖಾಲಿ. ನಿಯಮ ಪಾಲಿಸಿಲ್ಲ ಅಂತ ಎನ್‌ಸಿ ಬರೆದು ಕೈಗೆ ಕೊಟ್ಟು ಹೋದ್ರು.

— ಕನ್ನಡದಲ್ಲಿ ಕೇಳಿದ್ದಿದ್ರೆ ಏನಂತಿದ್ದ ಅವನು?

— ‘ಆಗಿದೆಯಂತೆ ಸಾರ್’ ಅಂತಿದ್ದ. ಇನ್ನೇನಂತಾನೆ?

— ನೋಡು ಮತ್ತೆ. ಕನ್ನಡದಲ್ಲಿ ಅವನು ಸುಳ್ಳುಗಾರ ಅಲ್ಲ. ಕೇಳಿದ್ದನ್ನ ಕೇಳಿದ್ದು ಅಂತಲೇ ಹೇಳೋನು. ಇಂಗ್ಲಿಷಿಗೆ ದಾಟುವಾಗ ‘ಅಂತೆ’ ಕಳಚಿ ಬಿತ್ತು. ಅದು ಬಿದ್ದ ಜಾಗ ಖಾಲಿ ಕಂಡಿತು, ಕ್ಲಾಸಲ್ಲಿ ಕಲಿತ ಗಟ್ಟಿ ಪದ ಒಂದು ನಾಲಿಗೆ ತುದೀಲಿತ್ತು, ತಂದು ತುರುಕಿದ. ಅಂತೆ ಇದ್ದ ಕಡೆ ಡೆಫಿನೆಟ್ಲಿ ಬಂತು ಅಂದ್ರೆ ಕೇಳಿಸ್ಕೊಂಡವನೇ ಕಣ್ಣಾರೆ ಕಂಡ ಸಾಕ್ಷಿದಾರ ಆದಂಗೆ.

— ‘ಅಂತೆ’ ಅಂದಿದ್ರೂ ಎನ್‌ಸಿ ತಪ್ತಿರಲಿಲ್ಲ ಬಿಡಿ.

— ತಪ್ತಿರಲಿಲ್ಲ. ಖಾಲಿ ಖಾನೆಗೆ ಬರ್ತಿತ್ತು, ಇವನ ಮಾತಿಗೆ ಬರ್ತಿರಲಿಲ್ಲ. ಕೋರ್ಟಲ್ಲೂ ಹೀಗೇ. 1872ರ ಸಾಕ್ಷ್ಯ ಕಾಯ್ದೆಯ 60ನೇ ಕಲಮು ಏನು ಹೇಳ್ತಿತ್ತು ಅಂದ್ರೆ, ನೋಡಬಹುದಾದ ಸಂಗತಿ ಆಗಿದ್ರೆ ನೋಡಿದವನೇ ಬಂದು ಹೇಳಬೇಕು, ಕೇಳಬಹುದಾದದ್ದಾದ್ರೆ ಕೇಳಿದವನೇ ಬಂದು ಹೇಳಬೇಕು. 2024ರ ಜುಲೈ 1ರಿಂದ ಕಾಯ್ದೆಯ ಹೆಸರು ಬದಲಾಯ್ತು, ಆ ನಿಯಮ ಮಾತ್ರ ಹಾಗೇ ಉಳೀತು. ಸಾಕ್ಷಿ ಕಟಕಟೆಯಲ್ಲಿ ‘ಹೊಡೆದನಂತೆ’ ಅಂದವನನ್ನ ವಕೀಲರು ಅಲ್ಲೇ ಹಿಡೀತಾರೆ. ಇಂಗ್ಲಿಷಲ್ಲಿ ಹಿಡಿಯೋಕೆ ಬಾಲ ಇಲ್ವಲ್ಲ, ಅದಕ್ಕೇ ‘ಹೌ ಡು ಯು ನೋ’ ಅಂತ ಬಿಡಿಸಿ ಬಿಡಿಸಿ ಕೇಳಬೇಕು. ನಿಮ್ಮ ಆಡಿಟರ್ ಕೇಳಿದ್ದೂ ಅದನ್ನೇ.

— ಸರಿ, ನಾನೇ ಕೈಯಾರೆ ಚೆಕ್ ಮಾಡಿದೀನಿ ಅಂದ್ಕೊಳಿ. ಆಗ ಡೆಫಿನೆಟ್ಲಿ ಹಾಕಬಹುದಲ್ವಾ?

— ಬೇಡ. ‘ಐ ಚೆಕ್ಡ್ ಇಟ್’ ಅನ್ನು, ಸಾಕು.

— ಬರೀ ಅಷ್ಟೇನಾ? ಬೋಳು ಬೋಳು ಅನ್ಸುತ್ತೆ.

— ಬೋಳಾಗಿರೋದೇ ಅದರ ಬಲ. ಹಾಲಿನವನು ‘ನೀರು ಹಾಕಿಲ್ಲ’ ಅಂದ್ರೆ ತಗೋತೀಯ. ‘ದೇವರಾಣೆ ನೀರು ಹಾಕಿಲ್ಲ ಕಣಕ್ಕ’ ಅಂದ್ರೆ ಚೆಂಬಿನೊಳಗೆ ಬಗ್ಗಿ ನೋಡ್ತೀಯ. ಡೆಫಿನೆಟ್ಲಿ ಅನ್ನೋದು ಇಂಗ್ಲಿಷಿನವರ ದೇವರಾಣೆ. ಯಾರಾದ್ರೂ ಅನುಮಾನ ಪಟ್ಟ ಮೇಲೆ ಬರಬೇಕಾದ ಪದ, ಅನುಮಾನಕ್ಕೆ ಮುಂಚೆಯೇ ಬಂದ್ರೆ ಅನುಮಾನ ಅದೇ ಹುಟ್ಟಿಸುತ್ತೆ. ಇನ್ನೊಂದು ವಿಷಯ. ‘ಇಟ್ ಮಸ್ಟ್ ಹ್ಯಾವ್ ಬೀನ್ ಚೆಕ್ಡ್’ ಅಂದ್ರೆ ಗಟ್ಟಿಯಾಗಿ ಹೇಳಿದಂಗಾ, ಸಡಿಲವಾಗಿ ಹೇಳಿದಂಗಾ?

— ಮಸ್ಟ್ ಅಂದ್ರೆ ಗಟ್ಟಿ ಅಲ್ವಾ? ‘ಯು ಮಸ್ಟ್ ವೇರ್ ಶೂಸ್’ ಅಂತ ಗೇಟಲ್ಲೇ ಬೋರ್ಡ್ ಹಾಕಿದಾರೆ.

— ಕನ್ನಡಕ್ಕೆ ತಿರುಗಿಸಿ ನೋಡು. ಶೂ ಹಾಕ್ಕೊಬೇಕು. ಅಲ್ಲಿ ‘ಬೇಕು’ ಆಜ್ಞೆ. ‘ಚೆಕ್ ಮಾಡಿರಬೇಕು’ ಅಂದಾಗ?

— ಓ... ಊಹೆ. ಗೊತ್ತಿಲ್ಲ ಅಂತಲೇ ಅರ್ಥ.

— ಇಂಗ್ಲಿಷಿನ ಮಸ್ಟೂ ಕನ್ನಡದ ಬೇಕೂ ಈ ವಿಷಯದಲ್ಲಿ ಅಣ್ಣತಮ್ಮ. ಎರಡಕ್ಕೂ ಒಂದು ಮುಖ ಜಬರ್ದಸ್ತು, ಇನ್ನೊಂದು ಮುಖ ಗುಮಾನಿ. ಅದಕ್ಕೇ ನಾನು ನಿಂಗೆ ಹೇಳೋದು, ಖಚಿತತೆಯನ್ನ ಲಿ ಅಂತ ಮುಗಿಯೋ ಪದಗಳಲ್ಲಿ ಹುಡುಕಬೇಡ, ಕ್ರಿಯಾಪದದ ಹತ್ರ ಹೋಗು. ಒಂದೇ ಕೆಲಸ ತಗೋ. ಮಾಡಿದ್ದಾನೆ: ನೀನು ಕಂಡಿದ್ದು. ಮಾಡಿರ್ತಾನೆ: ಕಂಡಿಲ್ಲ, ಅವನ ಸ್ವಭಾವ ಗೊತ್ತು. ‘ಹೀ ವಿಲ್ ಹ್ಯಾವ್ ಡನ್ ಇಟ್’, ಇಂಗ್ಲಿಷಲ್ಲೂ ಭವಿಷ್ಯತ್ತಿನ ರೂಪವನ್ನೇ ತಂದು ಹೀಗೆ ಹೇಳ್ತಾರೆ. ಮಾಡಿರಬೇಕು: ಗುರುತು ನೋಡಿ ಊಹಿಸಿದ್ದು. ಮಾಡಿರಬಹುದು, ಮಾಡಿದ್ದಾನೇನೋ: ಇಳೀತಾ ಹೋಯ್ತು. ನಿಮ್ಮ ಅಜ್ಜಿ ಗೇಟಿನ ಹತ್ರ ನಿಂತು ‘ಬಿದ್ದೀಯ, ಜೋಕೆ’ ಅಂತಿದ್ರಲ್ಲ, ಆ ‘ಬಿದ್ದೀಯ’ ನೋಡು. ಬಿದ್ದಿಲ್ಲ, ಬೀಳ್ತೀಯ ಅಂತಾನೂ ಅಲ್ಲ, ಬಿದ್ದರೂ ಬೀಳಬಹುದು.

— ಅದು ಹೈಸ್ಕೂಲಲ್ಲಿ ಬರ್ತಿತ್ತು. ಸಂಭಾವನಾರ್ಥಕ. ಪರೀಕ್ಷೆಗೆ ‘ಮಳೆ ಬಂದೀತು’ ಅಂತ ಉದಾಹರಣೆ ಬರೀತಿದ್ವಿ, ಎರಡು ಮಾರ್ಕ್ಸು.

— ಎರಡು ಮಾರ್ಕ್ಸಿಗೆ ಮುಗಿಸಿಬಿಟ್ಟರು! ಒಂದು ಇಡೀ ಕ್ರಿಯಾರೂಪವನ್ನೇ ‘ಆಗಬಹುದೇನೋ’ ಅನ್ನೋದಕ್ಕೆ ಮೀಸಲಿಟ್ಟ ಭಾಷೆ ಇದು. ಒತ್ತಿ ಹೇಳೋದಕ್ಕೂ ಒಂದು ಬಾಲ ಇದೆ. ಕೇಶಿರಾಜ ಹದಿಮೂರನೇ ಶತಮಾನದಲ್ಲಿ ಶಬ್ದಮಣಿದರ್ಪಣ ಬರೆದಾಗ ಅವ್ಯಯಕ್ಕೆ ಅಂತಲೇ ಒಂದು ಪ್ರಕರಣ ಇಟ್ಟ. ಶಾಲೆಯಲ್ಲಿ ಇವತ್ತಿಗೂ ‘ನಾನೇ’ ಅನ್ನೋದರ ‘ಏ’ಗೆ ಅವಧಾರಣಾರ್ಥಕ ಅವ್ಯಯ ಅಂತ ಹೆಸರು ಹೇಳಿಸ್ತಾರೆ. ಹೆಸರು ಬರುತ್ತೆ, ಅದರ ಕೆಲಸ ಯಾರಿಗೂ ತಲೆಗೆ ಹೋಗಲ್ಲ. ಡಿ.ಎನ್. ಶಂಕರ ಬಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಅಂತ ಪುಸ್ತಕಕ್ಕೆ ಹೆಸರಿಟ್ಟರಲ್ಲ, ಆ ಶೀರ್ಷಿಕೆಯಲ್ಲೇ ಒಂದು ‘ಏ’ ಕೂತಿದೆ. ಅದನ್ನ ತೆಗೆದು ‘ಕನ್ನಡದ ವ್ಯಾಕರಣ’ ಅಂತ ಓದು, ಜಗಳದ ಖಾರವೇ ಹೋಗುತ್ತೆ.

— ಆ ‘ಏ’ ನಮ್ಮ ಫ್ಯಾಕ್ಟರಿ ಇಂಗ್ಲಿಷಲ್ಲೂ ಇದೆ ಮೇಷ್ಟ್ರೇ. ‘ಟುಮಾರೋ ಓನ್ಲಿ ವಿ ವಿಲ್ ಡಿಸ್ಪ್ಯಾಚ್.’

— ನಾಳೆನೇ ಕಳಿಸ್ತೀವಿ. ಎಷ್ಟು ಚೆನ್ನಾಗಿದೆ! ಹಿಂದಿಯವರಿಗೂ ಅರ್ಥ ಆಗುತ್ತೆ, ಅವರ ‘ಹೀ’ ಹೀಗೇ. ಹೊರದೇಶದವನಿಗೆ ಮಾತ್ರ ನಾಳೆ ಬಿಟ್ಟರೆ ಬೇರೆ ದಿನ ಲಾರಿ ಇಲ್ಲ ಅಂತ ಕೇಳಿಸುತ್ತೆ. ಅವನ ಮುಂದೆ ‘ಟುಮಾರೋ’ ಅನ್ನೋದನ್ನೇ ಒತ್ತಿ ಹೇಳು. ಅವರು ಒತ್ತನ್ನ ದನಿಯಲ್ಲಿ ಇಡ್ತಾರೆ, ನಾವು ಬಾಲದಲ್ಲಿ ಇಡ್ತೀವಿ.

— ಮುಂದಕ್ಕೆ ಬರೋಣ. ಶೂರ್ಲಿ. ಇದು ಸುಲಭ. ಖಂಡಿತ.

— ಇದೇ ಗುಂಡಿ. ಕಸ್ಟಮರ್ ‘ಶೂರ್ಲಿ ಯು ಟೆಸ್ಟೆಡ್ ದಿಸ್ ಬ್ಯಾಚ್’ ಅಂದ ಅಂದ್ಕೋ. ಏನು ಅರ್ಥ ಆಯ್ತು?

— ನೀವು ಖಂಡಿತವಾಗಿ ಟೆಸ್ಟ್ ಮಾಡಿದ್ದೀರಿ. ಹೊಗಳ್ತಿದ್ದಾನೆ.

— ಅಲ್ಲಮ್ಮ, ನಡುಕ ಹುಟ್ಟಿದೆ ಅವನಿಗೆ. ‘ಟೆಸ್ಟ್ ಮಾಡಿದ್ದೀರ ತಾನೇ?’ ಅಂತ ಕೇಳ್ತಿದ್ದಾನೆ. ಶೂರ್ಲಿ ಅಂದ್ರೆ ಖಂಡಿತ ಅಲ್ಲ, ‘ತಾನೇ’. ಖಚಿತ ಆಗಲಿ ಅನ್ನೋ ಆಸೆ ಇದೆ, ಆಗದೇ ಇದ್ರೆ ಅನ್ನೋ ಭಯ ಇದೆ, ಎರಡನ್ನೂ ಕೂಡಿಸಿ ಎದುರಿನವನ ಮೇಲೆ ಹೊರಿಸೋದು. ‘ಗ್ಯಾಸ್ ಆಫ್ ಮಾಡಿ ಬಂದೆ ತಾನೇ?’ ಅಂತ ಬಸ್ ಹತ್ತಿದ ಮೇಲೆ ಕೇಳ್ತಾರಲ್ಲ, ಆ ದನಿ. ಅದಕ್ಕೆ ನೀನು ನಗ್ತಾ ‘ಥ್ಯಾಂಕ್ಯೂ’ ಅಂದ್ರೆ ಏನಾಗಬೇಡ! ಹಳೇ ಇಂಗ್ಲಿಷಲ್ಲಿ ಶೂರ್ಲಿಗೆ ಖಂಡಿತ ಅನ್ನೋ ಅರ್ಥವೇ ಮುಖ್ಯವಾಗಿತ್ತು. ಬೈಬಲ್ಲಲ್ಲಿ ಹಾಗೇ ಬರುತ್ತೆ. ನಮ್ಮವರು ‘ಐ ವಿಲ್ ಶೂರ್ಲಿ ಕಮ್’ ಅಂತ ಆ ಕಾಲದ್ದನ್ನೇ ಜೋಪಾನ ಮಾಡ್ಕೊಂಡಿದಾರೆ. ತಪ್ಪಲ್ಲ, ಹಳೇ ನಾಣ್ಯ. ಬ್ಯಾಂಕಲ್ಲಿ ತಗೋತಾರೆ, ಒಂದ್ಸಲ ತಿರುಗಿಸಿ ನೋಡಿ ತಗೋತಾರೆ.

— ‘ಆಫ್ ಕೋರ್ಸ್’ ಆದ್ರೂ ಸೇಫಾ?

— ಪ್ರಶ್ನೆ ನೋಡ್ಕೊಂಡು. ‘ಡ್ರಾಯಿಂಗ್ ನೋಡಬಹುದಾ?’ ಅಂತ ಕೇಳಿದ್ರೆ ‘ಆಫ್ ಕೋರ್ಸ್’ ಅನ್ನು, ‘ಅದಕ್ಕೇನಂತೆ, ನೋಡಿ’ ಅಂದಂಗೆ ಆಗುತ್ತೆ. ‘ಗೇಜ್ ಕ್ಯಾಲಿಬ್ರೇಷನ್ ಆಗಿದೆಯಾ?’ ಅಂತ ಕೇಳಿದಾಗ ‘ಆಫ್ ಕೋರ್ಸ್’ ಅಂದ್ಯೋ, ‘ಇದನ್ನೂ ಕೇಳಬೇಕಾ? ಮತ್ತಿನ್ನೇನು ಅಂದ್ಕೊಂಡ್ರಿ?’ ಅಂತ ತಿರುಗಿಬಿದ್ದಂಗೆ. ಅಬ್ವಿಯಸ್ಲಿ ಇನ್ನೂ ಕೆಟ್ಟದ್ದು. ಎದುರಿನವನಿಗೆ ಕಣ್ಣು ಕಾಣಲ್ಲ ಅಂದಂಗೆ.

— ‘ಅದಕ್ಕೇನಂತೆ’ ಅಂದ್ರಿ. ಅಲ್ಲಿ ‘ಅಂತೆ’ ಇದೆಯಲ್ಲ! ಅದನ್ನ ಯಾರು ಹೇಳಿದ್ದಂತೆ?

— ಹಹ್ಹಾ. ಸಿಕ್ಕಿಬಿದ್ದೆ ನೋಡು. ಅದು ಯಾರೂ ಹೇಳಿದ್ದಲ್ಲ. ಮಾತು ಸವೆದು ಸವೆದು ಬಾಲ ಅಲ್ಲೇ ಅಂಟಿಕೊಂಡುಬಿಟ್ಟಿದೆ. ನಿಮ್ಮ ಇಂಗ್ಲಿಷ್ ಪದಗಳಿಗೂ ಇದೇ ಗತಿ. ಹೋಪ್‌ಫುಲಿ ಅಂದ್ರೆ ಮೊದಲು ‘ಆಸೆಯಿಂದ’ ಅಂತ ಇತ್ತು, ಆಸೆಯಿಂದ ನೋಡಿದಳು ಅನ್ನೋ ಹಂಗೆ. ಆಮೇಲೆ ಜನ ‘ಹೋಪ್‌ಫುಲಿ ಮಳೆ ಬರುತ್ತೆ’ ಅನ್ನೋಕೆ ಶುರುಮಾಡಿದ್ರು. ಮಳೆ ಹೇಗೆ ಆಸೆಪಡುತ್ತೆ ಅಂತ ಅಮೆರಿಕದ ಪಂಡಿತರು ದಶಕಗಟ್ಟಲೆ ಕಾದಾಡಿದ್ರು. ಕೊನೆಗೆ 2012ರಲ್ಲಿ ಅಸೋಸಿಯೇಟೆಡ್ ಪ್ರೆಸ್ಸಿನವರ ಶೈಲಿ ಕೈಪಿಡಿ ಸೋತು ಒಪ್ಕೊಂಡಿತು. ಜನರ ನಾಲಿಗೆ ಮುಂದೆ ಮೇಷ್ಟ್ರುಗಳದ್ದೇನೂ ನಡೆಯಲ್ಲ.

— ಆಕ್ಚುಲಿ ಮೇಷ್ಟ್ರೇ...

— ಹೂಂ, ಬಂತು! ಅದಿಲ್ಲದೆ ನಿಮ್ಮ ಕಾಲದವರು ಬಾಯೇ ತೆರೆಯಲ್ಲ.

— ನೀವೂ ಕಮ್ಮಿಯೇನಿಲ್ಲ. ಹೋದ್ಸಲ ಪಂಚಾಯಿತಿ ಮೀಟಿಂಗಲ್ಲಿ ‘ಆಕ್ಚುಲಿ ಏನಂದ್ರೆ’ ಅಂತಲೇ ಎದ್ದು ನಿಂತಿದ್ರಿ.

— ನಿಂತಿರ್ತೀನಿ. ಕೈಲಾಸಂ ನೂರು ವರ್ಷದ ಹಿಂದೆಯೇ ಇಂಥ ಮಾತುಗಾರರನ್ನ ನಾಟಕಕ್ಕೆ ತಂದು ನಗಿಸಿದ್ರು. ಆಗ ಬಸವನಗುಡಿಯ ಓದಿದವರ ಬಾಯಲ್ಲಿದ್ದದ್ದು ಈಗ ಪಿಲ್ಲಗುಂಪೆಯ ಫ್ಯಾಕ್ಟರಿ ಗೇಟಿಗೆ ಬಂದಿದೆ. ಆದ್ರೆ ಕನ್ನಡದ ಆಕ್ಚುಲಿ ಬೇರೆ, ಇಂಗ್ಲಿಷಿನದು ಬೇರೆ. ನಮ್ಮದು ಗಂಟಲು ಸರಿಮಾಡ್ಕೊಳ್ಳೋದು, ‘ಸ್ವಲ್ಪ ಕೇಳಿ ಇಲ್ಲಿ’ ಅಂತ. ಅವರದು ‘ನೀನಂದುಕೊಂಡಂಗಲ್ಲ’ ಅಂತ. ‘ಆಕ್ಚುಲಿ ವಿ ಚೆಕ್ಡ್ ಇಟ್’ ಅಂದ್ರೆ, ನೀವು ಚೆಕ್ ಮಾಡಿಲ್ಲ ಅಂದ್ಕೊಂಡಿದ್ರಿ ಅಲ್ವಾ, ಮಾಡಿದೀವಿ ಕಣ್ರೀ ಅಂತ ಚುಚ್ಚಿದಂಗೆ. ಅವನ ಮನಸ್ಸಲ್ಲಿ ಅನುಮಾನ ಇರಲಿಲ್ಲ ಅಂದ್ರೆ ನೀನಾಗಿ ಹಾಕಿಕೊಟ್ಟೆ.

— ಹಂಗಾದ್ರೆ ನಾನು ಏನೂ ಮಾತಾಡದೇ ಇರೋದು ವಾಸಿ. ನೋಡಿ ಮೇಷ್ಟ್ರೇ, ನೀವು ಬೋರ್ಡ್ ಮುಂದೆ ನಿಂತು ಕಲಿಸಿದವರು. ನನಗೆ ಕಾಲಲ್ಲಿ ಸಿಗೋದು ಅರ್ಧ ನಿಮಿಷ. ಅಷ್ಟರಲ್ಲಿ ಕಾನ್ಫಿಡೆನ್ಸ್ ಕಾಣಿಸಬೇಕು ಅಂತ ಎಚ್‌ಆರ್‌ನವರು ಹೇಳ್ತಾರೆ. ಸಿಟಿಯ ಕಾನ್ವೆಂಟಲ್ಲಿ ಓದಿದವಳು ‘ಐ ಚೆಕ್ಡ್ ಇಟ್’ ಅಂದ್ರೆ ನಂಬ್ತಾರೆ. ಸರ್ಕಾರಿ ಶಾಲೇಲಿ ಓದಿದ ನಾನು ಅಂದ್ರೆ ದನಿ ಮೆತ್ತಗಾಗಿದೆ, ಗೊತ್ತಿಲ್ಲ ಇವಳಿಗೆ ಅಂತಾರೆ. ಡೆಫಿನೆಟ್ಲಿ ನಮಗೆ ಊರುಗೋಲು.

— ಅದನ್ನ ತಳ್ಳಿಹಾಕಲ್ಲ. ಸರ್ಕಾರಿ ಶಾಲೆಯಲ್ಲಿ ನಮ್ಮ ಕಾಲಕ್ಕೆ ಐದನೇ ಕ್ಲಾಸಿಂದ ಇಂಗ್ಲಿಷು. ಒಂದನೇ ಕ್ಲಾಸಿಂದ ತಂದದ್ದು 2007ರಲ್ಲಿ, ನಿಮ್ಮ ಓರಗೆಯವರಿಗೆ ಸಿಕ್ತು. ಬೆಂಗಳೂರಿನ ಜ್ಞಾನಭಾರತೀಲಿ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಅಂತ ಇದೆ, 1963ರಲ್ಲಿ ಶುರುವಾದದ್ದು, ನಮ್ಮಂಥ ಮೇಷ್ಟ್ರುಗಳಿಗೆ ತರಬೇತಿ ಕೊಡ್ತಿದ್ದ ಜಾಗ. ನಮಗೆ ಉಚ್ಚಾರಣೆ ತಿದ್ದಿದ್ರು, ವಾಕ್ಯದ ಮಾದರಿ ಕಲಿಸಿದ್ರು. ಅನುಮಾನ ಹೇಗೆ ಹೇಳಬೇಕು ಅನ್ನೋದನ್ನ ಮಕ್ಕಳಿಗೆ ಕಲಿಸೋಕೆ ನಮಗೆ ಪಾಠದ ಪುಸ್ತಕದಲ್ಲಿ ಜಾಗವೇ ಇರ್ತಿರಲಿಲ್ಲ. ಪ್ರಶ್ನೆಗೆ ಒಂದೇ ಉತ್ತರ, ಸರಿ ಇಲ್ಲಾ ತಪ್ಪು. ‘ನನಗನ್ನಿಸುತ್ತೆ’ ಅಂದ್ರೆ ಸೊನ್ನೆ. ಅಂಥ ಮಕ್ಕಳಿಗೆ ದೊಡ್ಡವರಾದ ಮೇಲೆ ಡೆಫಿನೆಟ್ಲಿ ಒಂದೇ ಗತಿ ಅನ್ನಿಸಿದ್ರೆ ಆಶ್ಚರ್ಯ ಏನಿದೆ? ಆದ್ರೂ ಊರುಗೋಲನ್ನ ಪದಕ್ಕೆ ಕಟ್ಟಬೇಡ, ವಿವರಕ್ಕೆ ಕಟ್ಟು. ‘ಐ ಚೆಕ್ಡ್ ಇಟ್ ಅಟ್ ಸಿಕ್ಸ್ ಟೆನ್, ಬಿಫೋರ್ ದಿ ಫಸ್ಟ್ ಪೀಸ್.’ ಯಾವ ಕಾನ್ವೆಂಟಿನವಳೂ ಅದರ ಮುಂದೆ ನಿಲ್ಲಲ್ಲ.

— ಇದು ಚೆನ್ನಾಗಿದೆ. ಬರ್ಕೋತೀನಿ. ಈಗ ನಂಬಿಕೆ ಬರದಿದ್ರೆ ರಿಯಲಿ, ಸೀರಿಯಸ್ಲಿ.

— ಕಸ್ಟಮರ್ ಮುಂದೆ ಸೀರಿಯಸ್ಲಿ ಬೇಡವೇ ಬೇಡ, ಅದು ಗೆಳತಿಯರ ನಡುವಿನದು, ನಮ್ಮ ‘ಹೋಗೇ ಸುಮ್ನೆ!’ ಇದ್ದಂಗೆ. ರಿಯಲಿ ಪೂರಾ ದನಿಯ ಮೇಲೆ ನಿಂತಿದೆ. ‘ಹೌದಾ’ ಅನ್ನು ನೋಡೋಣ, ಮೂರು ಥರ.

— ಹೌದಾ? ಹೌದಾ!! ಹೌದಾ...

— ಮೊದಲನೇದು ಸುದ್ದಿ ಕೇಳಿದ್ದು. ಎರಡನೇದು ಬೆರಗು. ಮೂರನೇದು ‘ನಿನ್ನ ಬಂಡವಾಳ ಗೊತ್ತು ಬಿಡು’ ಅಂತ. ರಿಯಲಿ ಹಂಗೇ, ದನಿ ಎತ್ತಿದ್ರೆ ಒಂದು, ಇಳಿಸಿದ್ರೆ ಇನ್ನೊಂದು. ನಾವು ಇಂಗ್ಲಿಷ್ ಆಡುವಾಗ ಭಯಕ್ಕೆ ದನಿಯನ್ನ ಒಂದೇ ಮಟ್ಟಕ್ಕೆ ಹಿಡೀತೀವಿ, ಆಗ ಮೂರನೇದೇ ಕೇಳಿಸುತ್ತೆ. ಅವನು ಪ್ರಾಮಾಣಿಕವಾಗಿ ಏನೋ ಹೇಳಿರ್ತಾನೆ, ನೀನು ಇಳಿದನೀಲಿ ‘ರಿಯಲಿ’ ಅಂದ್ರೆ ಮುಖ ಗಂಟಾಗುತ್ತೆ. ‘ಯೆಸ್ ಯೆಸ್’ ಕೂಡ ಹಾಗೇ. ಕನ್ನಡದಲ್ಲಿ ‘ಹೂಂ ಹೂಂ, ಹೇಳಿ’ ಅನ್ನೋದು ಮರ್ಯಾದೆ. ಅದನ್ನೇ ‘ಹೌದ್ಹೌದು’ ಅಂತ ಎಳೆದ್ರೆ ವ್ಯಂಗ್ಯ. ಹೊರಗಿನವರ ಕಿವಿಗೆ ‘ಯೆಸ್ ಯೆಸ್’ ಅಂದ್ರೆ ‘ಸಾಕು ಮಾಡು ಮಾರಾಯ’ ಅಂತ ಬೀಳುತ್ತೆ. ಒಂದೇ ಯೆಸ್ ಸಾಕು. ತಲೆಯನ್ನ ಅಡ್ಡಕ್ಕೆ ತೂಗಬೇಡ, ಕ್ಯಾಮೆರಾದಲ್ಲಿ ಅದು ‘ಇಲ್ಲ’ ಅಂತ ಕಾಣುತ್ತೆ.

— ಒಪ್ಕೊಳ್ಳೋದರಲ್ಲಿ ನಮಗೆ ಇನ್ನೊಂದು ತೊಂದರೆ ಇದೆ. ‘ಹ್ಯಾವಂಟ್ ಯು ರಿಸೀವ್ಡ್ ದಿ ಡ್ರಾಯಿಂಗ್?’ ಅಂತಾರೆ. ಬಂದಿಲ್ಲ. ನಾನು ‘ಯೆಸ್’ ಅಂತೀನಿ. ಬಂದಿದೆ ಅಂದ್ಕೋತಾರೆ.

— ‘ಬಂದಿಲ್ವಾ?’ ‘ಹೌದು, ಬಂದಿಲ್ಲ.’ ನಾವು ಹೌದು ಅನ್ನೋದು ಮನುಷ್ಯನಿಗೆ, ನೀನು ಹೇಳಿದ್ದು ಸರಿ ಅಂತ. ಅವರು ಯೆಸ್ ಅನ್ನೋದು ಡ್ರಾಯಿಂಗಿಗೆ, ಅದು ಬಂದಿದೆ ಅಂತ. ಇದಕ್ಕೆ ಒಂದು ಮದ್ದು ನಮ್ಮ ಮನೇಲೇ ಇದೆ. ‘ಊಟ ಆಯ್ತಾ?’ ಅಂತ ಕೇಳಿದ್ರೆ ನಾವು ಹೌದು ಅಂತೀವಾ?

— ‘ಆಯ್ತು’ ಅಂತೀವಿ.

— ‘ಬಂದ್ನಾ?’ ‘ಬಂದ.’ ‘ನೋಡ್ದ್ಯಾ?’ ‘ನೋಡಿಲ್ಲ.’ ಕೇಳಿದ ಕ್ರಿಯಾಪದವನ್ನೇ ತಿರುಗಿಸಿ ಕೊಡೋದು. ಇಂಗ್ಲಿಷಲ್ಲೂ ‘ಐ ಡಿಡ್’, ‘ವಿ ಹ್ಯಾವಂಟ್’ ಅಂತ ಇದೆಯಲ್ಲ, ಅದನ್ನ ಹಿಡ್ಕೋ. ಯೆಸ್ಸೂ ಬೇಡ ನೋನೂ ಬೇಡ. ‘ವಿ ಹ್ಯಾವಂಟ್’ ಅಂದಾಗ ತಪ್ಪು ತಿಳಿಯೋಕೆ ಜಾಗವೇ ಇರಲ್ಲ. ಈ ಒಂದು ವಿಷಯದಲ್ಲಿ ಕನ್ನಡದವರು ಕನ್ನಡದ ಥರವೇ ಮಾತಾಡಿದ್ರೆ ಇಂಗ್ಲಿಷ್ ಸರಿಹೋಗುತ್ತೆ, ಯಾವ ಕ್ಲಾಸಲ್ಲೂ ಹೇಳಿಕೊಡಲ್ಲ. ಎಕ್ಸಾಕ್ಟ್ಲಿ, ಅಬ್ಸಲ್ಯೂಟ್ಲಿ ಎಲ್ಲ ಒಗ್ಗರಣೆ. ಅವನು ಹೇಳಿದ್ದು ನೀನು ಹೇಳಬೇಕೆಂದಿದ್ದೇ ಆಗಿದ್ರೆ ಎಕ್ಸಾಕ್ಟ್ಲಿ, ‘ಅದೇ! ನಾನೂ ಅದನ್ನೇ ಅಂದಿದ್ದು’ ಅಂತ. ಮುಂದಕ್ಕೆ ಹೋಗು.

— ಮೇಷ್ಟ್ರೇ, ನೀವು ‘ಅಂತೆ’ಯನ್ನ ತಲೆ ಮೇಲೆ ಹೊತ್ಕೊಂಡಿದೀರಿ. ನಂಗದು ಅಷ್ಟು ಒಳ್ಳೇದು ಅನ್ಸಲ್ಲ. ಅಂತೆ ಕಂತೆಗಳ ಸಂತೆ ಅಂತ ನಾವೇ ಅಂತೀವಲ್ಲ. ಮೆಟ್ರೋ 2023ರಲ್ಲಿ ವೈಟ್‌ಫೀಲ್ಡ್ ಕಾಡುಗೋಡಿವರೆಗೆ ಬಂತು. ಅವತ್ತಿಂದ ಇಲ್ಲಿ ದಿನಾ, ಹೊಸಕೋಟೆಗೂ ಬರುತ್ತಂತೆ, ನಮ್ಮ ಕ್ರಾಸಲ್ಲೇ ಸ್ಟೇಷನ್ನಂತೆ, ಚದರಡಿಗೆ ಇಷ್ಟಂತೆ. ಯಾರನ್ನ ಕೇಳಿದ್ರೂ ಹೇಳಿದವರು ಬೇರೆ.

— ಅದನ್ನ ಒಪ್ತೀನಿ. ಅಂತೆಗೆ ಅಪ್ಪ ಇಲ್ಲ ಅಮ್ಮ ಇಲ್ಲ. ಆದ್ರೂ ಒಂದು ನೋಡು. ಸೈಟ್ ಬ್ರೋಕರ್ ಕನ್ನಡದಲ್ಲಿ ಮಾತಾಡುವಾಗ ‘ಬರುತ್ತಂತೆ’ ಅಂತಲೇ ಅಂತಾನೆ, ನಾಲಿಗೆ ಬಿಡಲ್ಲ. ಅದೇ ಮನುಷ್ಯ ಇಂಗ್ಲಿಷ್ ಪಾಂಪ್ಲೆಟ್ ಹೊಡೆಸಿದಾಗ ‘ಮೆಟ್ರೋ ಡೆಫಿನೆಟ್ಲಿ ಕಮಿಂಗ್’. ನಿಮ್ಮ ಲೈನಿನ ಹುಡುಗ ಗೊತ್ತಿಲ್ಲದೆ ಮಾಡಿದ್ದನ್ನ ಇವನು ಗೊತ್ತಿದ್ದೂ ಮಾಡ್ತಾನೆ. ಅವನ ಕನ್ನಡದ ಮಾತು ಕೇಳಿದವನು ಮುಂಗಡ ಕೊಡೋಕೆ ಮುಂಚೆ ಇನ್ನೊಬ್ಬನ್ನ ಕೇಳ್ತಾನೆ. ಇಂಗ್ಲಿಷ್ ಪಾಂಪ್ಲೆಟ್ ಓದಿದವನು ಬ್ಯಾಂಕಿಗೆ ಹೋಗ್ತಾನೆ.

— ಸರಿ, ಹಂಗಾದ್ರೆ ಕಾಲಲ್ಲಿ ನೈಟ್ ಶಿಫ್ಟಿನ ಕೆಲಸದ ಬಗ್ಗೆ ಕೇಳಿದ್ರೆ ಅಪ್ಯಾರೆಂಟ್ಲಿ ಅಂತೀನಿ. ‘ಅಪ್ಯಾರೆಂಟ್ಲಿ ಇಟ್ ವಾಸ್ ಚೆಕ್ಡ್.’

— ಅಲ್ಲೂ ಒಂದು ಮುಳ್ಳಿದೆ. ಅಪ್ಯಾರೆಂಟ್ಲಿ ಅಂದ್ರೆ ‘ಹಂಗಂತಾರಪ್ಪ, ನಂಗೇನೋ ಗೊತ್ತಿಲ್ಲ’ ಅಂತ ಕೈ ತೊಳೆದುಕೊಂಡ ದನಿ ಬರುತ್ತೆ. ಮನೆಮಾತಿಗೆ ಅಡ್ಡಿಯಿಲ್ಲ. ಕಸ್ಟಮರ್ ಮುಂದೆ ಅದಕ್ಕಿಂತ ಮೂಲ ಹೇಳಿಬಿಡೋದು ವಾಸಿ. ‘ದಿ ನೈಟ್ ಶಿಫ್ಟ್ ಇನ್‌ಸ್ಪೆಕ್ಟರ್ ಟೋಲ್ಡ್ ಮಿ ಇಟ್ ವಾಸ್ ಡನ್.’

— ಆಗಲ್ಲ ಮೇಷ್ಟ್ರೇ. ನೀವು ಶಾಪ್‌ಫ್ಲೋರಲ್ಲಿ ನಿಂತಿ‌ಲ್ಲ. ಇವರೇ ಹೇಳಿದ್ದು ಅಂತ ಬೊಟ್ಟು ಮಾಡಿದ್ರೆ ಅದು ಚಾಡಿ. ಆ ನೈಟ್ ಶಿಫ್ಟಿನವನು ಬಿಹಾರದವನು, ಕಾಂಟ್ರಾಕ್ಟ್ ಮೇಲಿದಾನೆ. ಹೆಸರು ಹೊರಗೆ ಬಂದ್ರೆ ಮಾರನೇ ದಿನ ಗೇಟ್ ಪಾಸ್ ಇರಲ್ಲ. ಅದಕ್ಕೇ ನಾವು ‘ಆಗಿದೆಯಂತೆ’ ಅನ್ನೋದು. ನಾನು ಸುಳ್ಳೂ ಹೇಳಿಲ್ಲ, ಅವನನ್ನೂ ಹಿಡಿದುಕೊಟ್ಟಿಲ್ಲ. ನೀವು ಹೇಳಿದ ಕಣ್ಣು-ಕಿವಿ ವ್ಯತ್ಯಾಸ ಎಲ್ಲ ಆಮೇಲೆ. ನಮಗೆ ಅಂತೆ ಇರೋದು ಇದಕ್ಕೆ.

— ...ಇದನ್ನ ಯಾವ ವ್ಯಾಕರಣದ ಪುಸ್ತಕದಲ್ಲೂ ನಾನು ಓದಿಲ್ಲ ಕಣಮ್ಮ. ಹಂಗಾದ್ರೆ ಮನುಷ್ಯನನ್ನ ಬಿಡು, ಕಾಗದ ಹಿಡಿ. ‘ಅಕಾರ್ಡಿಂಗ್ ಟು ದಿ ಚೆಕ್‌ಶೀಟ್’. ಯಾರ ಮೇಲೂ ಬರಲ್ಲ.

— ಚೆಕ್‌ಶೀಟನ್ನ ಶಿಫ್ಟ್ ಮುಗಿಯುವಾಗ ಒಟ್ಟಿಗೆ ಕೂತು ತುಂಬಿದ್ರೆ? ಆಡಿಟ್ ಆದಮೇಲೆ ಖಾನೆ ಯಾವುದೂ ಖಾಲಿ ಇರಬಾರದು ಅಂತ ಹಂಗೇ ಮಾಡ್ತಿದಾರೆ. ಬೆಳಗಿನ ಆರು ಗಂಟೆಯ ರೀಡಿಂಗು ಮಧ್ಯಾಹ್ನ ಬರೀತಾರೆ, ಒಂದೇ ಪೆನ್ನು, ಒಂದೇ ಕೈ.

— ಅದಕ್ಕೆ ಇಂಗ್ಲಿಷ್ ಮೇಷ್ಟ್ರು ಏನು ಮಾಡೋಕಾಗುತ್ತೆ?

— ನೀವೇ ಹೇಳಿದ್ರಲ್ಲ, ‘ಐ ಚೆಕ್ಡ್ ಇಟ್ ಅಟ್ ಸಿಕ್ಸ್ ಟೆನ್’. ಆ ಆರೂ ಹತ್ತು ನಿಜವಾಗಲೂ ಆರೂ ಹತ್ತೇ ಆಗಿರಬೇಕಲ್ಲ. ನಾಳೆಯಿಂದ ನನ್ನ ಸ್ಟೇಷನ್ನಿನ ಶೀಟು ನಾನು ಅಲ್ಲೇ ನಿಂತು, ಆಗಿಂದಾಗಲೇ ತುಂಬ್ತೀನಿ. ಸೂಪರ್‌ವೈಸರ್ ಬೈತಾರೆ, ಲೈನ್ ನಿಲ್ಲುತ್ತೆ ಅಂತ.

— ಬೈದ್ರೆ ಏನಂತೀಯ?

— ‘ಆಫ್ ಕೋರ್ಸ್ ಸಾರ್’ ಅಂತೀನಿ. ಯಾವ ಥರದ್ದು ಅಂತ ಅವರೇ ಅರ್ಥ ಮಾಡ್ಕೊಳ್ಲಿ.